ಸ್ಲೀವ್ ಗಲಿಯನ್: 21 ಮಿ.ಮೀ ಹಳಿಯ ಮೇಲೊಂದು ಐರಿಷ್ 4-4-0

ಕಟ್ಟುತ್ತಿರುವುದು ಐರ್ಲೆಂಡಿನ ಗ್ರೇಟ್ ನಾರ್ದರ್ನ್ ರೈಲ್ವೆಯ ಎಸ್ ವರ್ಗದ 171ನೇ ಉಗಿ ಇಂಜಿನ್‌ನ ಓಡುವ ಪುಟ್ಟ ಮಾದರಿ, ಹೆಸರು 'ಸ್ಲೀವ್ ಗಲಿಯನ್'. 4-4-0 ಎಂದರೆ ಮುಂದೆ ನಾಲ್ಕು ಸಣ್ಣ ಗಾಲಿ, ಆಮೇಲೆ ಎಳೆಯುವ ನಾಲ್ಕು ದೊಡ್ಡ ಗಾಲಿ, ಅವುಗಳ ಹಿಂದೆ ಏನೂ ಇಲ್ಲ. ಅಳತೆ ಒಂದಡಿಗೆ 4 ಮಿಲಿಮೀಟರ್. ಅಂದರೆ ಮೂಲದ 76.2ರಲ್ಲಿ ಒಂದು ಪಾಲು. ಐರ್ಲೆಂಡಿನ ಹಳಿಗಳ ಅಂತರ 5 ಅಡಿ 3 ಇಂಚು, ಹಾಗಾಗಿ ಮಾದರಿಯ ಹಳಿ ಸರಿಯಾಗಿ 21 ಮಿ.ಮೀ. ಅಂಗಡಿಯಲ್ಲಿ ಸಿಗುವ 16.5 ಮಿ.ಮೀ ಹಳಿಯ ಮೇಲೆ ಇದೇ ಇಂಜಿನ್ ನಿಲ್ಲಿಸಿದರೆ ನಾಲ್ಕೂವರೆ ಮಿಲಿಮೀಟರ್ ಸೊರಗಿ, ಎದುರಿನಿಂದ ನೋಡಿದಾಗ ದೊಡ್ಡ ಮೈಗೆ ಕೋಳಿ ಕಾಲು ಅಂಟಿಸಿದ ಹಾಗೆ ಕಾಣುತ್ತದೆ. (ನಮ್ಮ ಬ್ರಾಡ್‌ಗೇಜ್ 5 ಅಡಿ 6 ಇಂಚು. ಇದೇ ಮಾನದಲ್ಲಿ ಅದು 22 ಮಿ.ಮೀ ಆಗುತ್ತದೆ. ಕೆಳಗಿನ ಒಟ್ಟು ಅಗಲಗಳಿಗೆ (ಸಂದುಗಳಿಗಲ್ಲ) ಒಂದು ಮಿಲಿಮೀಟರ್ ಕೂಡಿಸಿಕೊಂಡರೆ ಭಾರತದ ಇಂಜಿನ್‌ಗೂ ಅವೇ ಸಾಕು.)

ಮೂಲದ ಬಗ್ಗೆ ಕೆಲಸಕ್ಕೆ ಬೇಕಾದಷ್ಟು ಮಾತ್ರ. ಕಂಪನಿಯ ಇಂಜಿನ್ ವಿಭಾಗದ ಮುಖ್ಯಸ್ಥ ಜಾರ್ಜ್ ಗ್ಲೋವರ್ ಕಾಲದಲ್ಲಿ, 1913ರಲ್ಲಿ, ಬೇಯರ್ ಪೀಕಾಕ್ ಕಂಪನಿ ಐದು ಇಂಜಿನ್ ಕಟ್ಟಿಕೊಟ್ಟಿತು: 170 ಎರಿಗಲ್, 171 ಸ್ಲೀವ್ ಗಲಿಯನ್, 172 ಸ್ಲೀವ್ ಡೊನಾರ್ಡ್, 173 ಗಾಲ್ಟೀ ಮೋರ್, 174 ಕ್ಯಾರಂಟೂಹಿಲ್. ಐದೂ ಬೆಟ್ಟದ ಹೆಸರುಗಳೇ. 1915ರಲ್ಲಿ ಇನ್ನು ಮೂರು ಬಂದವು, 190ರಿಂದ 192. ದೊಡ್ಡ ಗಾಲಿಯ ವ್ಯಾಸ 6 ಅಡಿ 7 ಇಂಚು. ಚೌಕಟ್ಟಿನ ಒಳಗೇ ಎರಡು ಸಿಲಿಂಡರು, 19 ಇಂಚು ವ್ಯಾಸ, 26 ಇಂಚು ಓಟ (ಪಿಸ್ಟನ್ ಸಾಗುವ ದೂರ). ಡಬ್ಲಿನ್‌ನ ಏಮಿಯನ್ಸ್ ಸ್ಟ್ರೀಟಿನಿಂದ ಬೆಲ್‌ಫಾಸ್ಟ್‌ನ ಗ್ರೇಟ್ ವಿಕ್ಟೋರಿಯಾ ಸ್ಟ್ರೀಟ್‌ವರೆಗಿನ 112.5 ಮೈಲಿಯ ಎಕ್ಸ್‌ಪ್ರೆಸ್ ಗಾಡಿಗಳು ಇವುಗಳ ಪಾಲು. ಡ್ರಾಹೆಡಾದ ಬಾಯ್ನ್ ಸೇತುವೆ ಹೆಚ್ಚು ಭಾರ ತಡೆಯುತ್ತಿರಲಿಲ್ಲ. ಅದನ್ನು ಬಲಪಡಿಸಿ 1932ರಲ್ಲಿ ವಿ ವರ್ಗದ ಇಂಜಿನ್‌ಗಳು ಬರುವ ತನಕ ಆ ದಾರಿಗೆ ಇವೇ ಮುಂಚೂಣಿ. 171 ಈಗಲೂ ಇದೆ, ಐರ್ಲೆಂಡಿನ ರೈಲ್ವೆ ಸಂರಕ್ಷಣಾ ಸಂಘದ ಬಳಿ.

ಮೊದಲು ವರ್ಷ ಆರಿಸಿ

ತಗಡು ಕತ್ತರಿಸುವ ಮೊದಲೇ ಯಾವ ವರ್ಷದ 171 ಎಂದು ತೀರ್ಮಾನವಾಗಬೇಕು. 1913ರದ್ದು ಬೇರೆ, 1938-39ರಲ್ಲಿ ಡಂಡಾಕ್ ಕಾರ್ಖಾನೆಯಲ್ಲಿ ಮರುಕಟ್ಟಿದ ಮೇಲಿನದ್ದು ಬೇರೆ. ನಡುವಿನ ವರ್ಷಗಳಲ್ಲಿ ಕಪ್ಪು ಬಣ್ಣ ಬಳಿದುಕೊಂಡು, ಹೆಸರಿನ ಫಲಕವೂ ಇಲ್ಲದೆ ಓಡಿದ ಕಾಲವಿದೆ. ಮರುಕಟ್ಟಿದ ಮೇಲೆ ಹೆಸರು ವಾಪಸು ಬಂತು, ನೀಲಿ ಬಣ್ಣ ಬಂತು, ಬಾಯ್ಲರ್ ಒತ್ತಡ ಚದರ ಇಂಚಿಗೆ 200 ಪೌಂಡ್ ಆಯಿತು. ಎಳೆಯುವ ಬಲದ ಲೆಕ್ಕ ಆಗ 20,198 ಪೌಂಡ್. ಇಲ್ಲಿ ಕಟ್ಟಿದ್ದು ಈ ನೀಲಿ ಅವತಾರ. ಹಳೆಯ ನಕ್ಷೆ, ಹೊಸ ಫೋಟೊ ಎರಡನ್ನೂ ಬೆರೆಸಿದರೆ ಯಾವ ಕಾಲಕ್ಕೂ ಸೇರದ ಎಡಬಿಡಂಗಿ ಇಂಜಿನ್ ಹುಟ್ಟುತ್ತದೆ. ಒಂದೇ ವರ್ಷದ, ಎರಡೂ ಮಗ್ಗುಲಿನ ಫೋಟೊ ಕೈಯಲ್ಲಿ ಇರಲಿ.

ಅಗಲದ ಲೆಕ್ಕ

ಹಳಿಯ ಒಳಅಂಚಿನಿಂದ ಒಳಅಂಚಿಗೆ 21.0. ಗಾಲಿಗಳ ಬೆನ್ನಿನಿಂದ (ಒಳಮೈಯಿಂದ) ಬೆನ್ನಿಗೆ 19.3. ಈ 1.7 ಮಿ.ಮೀ ವ್ಯತ್ಯಾಸ ಇದೇ ಮಾನದಲ್ಲಿ 18.2 ಮಿ.ಮೀ ಹಳಿ ಹಾಕುವ ಮಾದರಿಗಾರರು ಬಳಸುವ ಅಳತೆಯಿಂದಲೇ ಎತ್ತಿಕೊಂಡದ್ದು, ಅವರ ಬೆನ್ನಂತರ 16.5. ಹಾಗಾಗಿ ಅವರಿಗೆಂದು ಮಾಡಿದ ಗಾಲಿಯನ್ನೇ ಉದ್ದದ ಅಚ್ಚಿಗೆ ಹಾಕಬಹುದು. ಹಳಿ ಕವಲೊಡೆಯುವ ಪಾಯಿಂಟ್‌ಗಳಲ್ಲಿ ಗಾಲಿಯ ಅಂಚು ಹಾದುಹೋಗುವ ಸಂದು 1.0 ಮಿ.ಮೀ.

ಚೌಕಟ್ಟಿಗೆ 0.45 ಮಿ.ಮೀ ಜರ್ಮನ್ ಸಿಲ್ವರ್ ತಗಡು. ಹಿತ್ತಾಳೆಗಿಂತ ಗಡುಸು, ಶಾಖ ಬೇಗ ಹರಡುವುದಿಲ್ಲ, ಆದ್ದರಿಂದ ಒಂದು ತುದಿ ಬೆಸೆಯುವಾಗ ಇನ್ನೊಂದು ತುದಿ ಬಿಟ್ಟುಕೊಳ್ಳುವುದಿಲ್ಲ. ಹೊರಮೈಯಿಂದ ಹೊರಮೈಗೆ 17.2 ಇಟ್ಟರೆ ನಡುವಿನ ಅಡ್ಡಪಟ್ಟಿಗಳು 16.3. ಗಾಲಿಯ ಬೆನ್ನಿಗೂ ಚೌಕಟ್ಟಿಗೂ ಪ್ರತಿ ಮಗ್ಗುಲಲ್ಲಿ 1.05 ಉಳಿಯುತ್ತದೆ. ಅದರಲ್ಲಿ ಬೇರಿಂಗಿನ ಅಂಚು ಸುಮಾರು 0.5 ತಿನ್ನುತ್ತದೆ. ಮಿಕ್ಕಿದ್ದರಲ್ಲಿ ತೆಳು ವಾಷರ್ ಹಾಕಿ 0.2 ಮಾತ್ರ ಓಲಾಡಲು ಬಿಡಿ. ಕಿಟ್‌ನಲ್ಲಿ ಬರುವ ಕಿರಿದಾದ ಅಡ್ಡಪಟ್ಟಿಗಳನ್ನು ಬಳಸಿ ಖಾಲಿ ಜಾಗವನ್ನೆಲ್ಲ ವಾಷರ್‌ನಿಂದ ತುಂಬಿಸುವ ಆಸೆ ಬೇಡ. ಅಚ್ಚಿಗೆ ಆಸರೆ ನಡುವಿನಲ್ಲಿ ಮಾತ್ರ ಸಿಕ್ಕಿ, ಬೇರಿಂಗಿನಲ್ಲಿರುವ ಕೂದಲೆಳೆಯಷ್ಟು ಸಡಿಲವೂ ಗಾಲಿಯ ಅಂಚಿನಲ್ಲಿ ಎದ್ದು ಕಾಣುವ ತೊನೆದಾಟವಾಗುತ್ತದೆ.

ಮುಂಭಾಗದಲ್ಲಿ ಮಾತ್ರ ಚೌಕಟ್ಟು ಕಿರಿದಾಗಲೇಬೇಕು. ಅಲ್ಲಿ ಇರುವುದು ಬೋಗಿ. ನಾವು ಮಾತಿನಲ್ಲಿ ಬೋಗಿ ಎನ್ನುವ ಡಬ್ಬಿಯಲ್ಲ ಇದು, ಇಂಜಿನ್‌ನ ಮೂತಿಯ ಕೆಳಗೆ ತಿರುಗುವ ನಾಲ್ಕು ಸಣ್ಣ ಗಾಲಿಯ ಬಂಡಿ. ತಿರುವಿನಲ್ಲಿ ಅದು ಎಷ್ಟು ಪಕ್ಕಕ್ಕೆ ಸರಿಯಬೇಕು? ಬೋಗಿಯ ನಡುವಿನಿಂದ ಮುಂದಿನ ದೊಡ್ಡ ಅಚ್ಚಿಗಿರುವ ದೂರವನ್ನು, ಅಲ್ಲಿಂದಲೇ ಹಿಂದಿನ ದೊಡ್ಡ ಅಚ್ಚಿಗಿರುವ ದೂರದಿಂದ ಗುಣಿಸಿ, ತಿರುವಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ. ಉದಾಹರಣೆಗೆ 40 ಮತ್ತು 76 ಮಿ.ಮೀ, ತ್ರಿಜ್ಯ 900 ಎಂದರೆ 3040 ಭಾಗಿಸು 1800, ಸುಮಾರು 1.7 ಮಿ.ಮೀ. ನಿಮ್ಮ ನಕ್ಷೆಯ ಅಂಕಿ ಹಾಕಿ ನೋಡಿ. ಬೋಗಿ ಗಾಲಿಯ ಬೆನ್ನು ಮಧ್ಯರೇಖೆಯಿಂದ 9.65ರಲ್ಲಿ ಇರುತ್ತದೆ. ಅದು 1.7 ಒಳಗೆ ಬಂದರೆ 7.95. ಚೌಕಟ್ಟಿನ ಹೊರಮೈ ಇರುವುದು 8.6ರಲ್ಲಿ. ಅಂದರೆ ತಾಗಿಯೇ ತಾಗುತ್ತದೆ. ಆದ್ದರಿಂದ ಮುಂದಿನ ದೊಡ್ಡ ಗಾಲಿಯಿಂದ ಸ್ವಲ್ಪ ಮುಂದಕ್ಕೆ ಚೌಕಟ್ಟನ್ನು ಒಳಕ್ಕೆ ಬಗ್ಗಿಸಿ ಒಟ್ಟು ಅಗಲ 14 ಮಾಡಿಕೊಂಡದ್ದು. ತಾಗಿದರೆ ಹಳಿ ತಪ್ಪುವುದಷ್ಟೇ ಅಲ್ಲ, ಗಾಲಿಯಿಂದ ಚೌಕಟ್ಟಿಗೆ ಕರೆಂಟ್ ಹರಿದು ಶಾರ್ಟ್ ಕೂಡ ಆಗುತ್ತದೆ. ತಿರುವಿನಲ್ಲಿ ಮಾತ್ರ ನಿಲ್ಲುವ ಇಂಜಿನ್ ಎಂದರೆ ಮೊದಲು ನೋಡಬೇಕಾದ ಜಾಗ ಇದೇ.

ಗಾಲಿ, ಅಚ್ಚು

6 ಅಡಿ 7 ಇಂಚು ಈ ಮಾನದಲ್ಲಿ 26.33 ಮಿ.ಮೀ. ಸವೆದ ಗಾಲಿ ನಿಜದ ಇಂಜಿನ್‌ನಲ್ಲೂ ಸಣ್ಣದಾಗುವುದರಿಂದ 26 ಮಿ.ಮೀ ಸಿಕ್ಕಿದರೂ ನಡೆಯುತ್ತದೆ. ಕಡ್ಡಿಗಳ ಎಣಿಕೆ ಮಾತ್ರ ಫೋಟೊಗೆ ಸರಿಹೊಂದಬೇಕು. ಕ್ರ್ಯಾಂಕ್‌ಪಿನ್ (ಗಾಲಿಗೆ ರಾಡು ಸಿಕ್ಕಿಸುವ ಪಿನ್ನು) ಕಡ್ಡಿಯ ನೇರಕ್ಕಿದೆಯೋ ಎರಡು ಕಡ್ಡಿಯ ನಡುವೆ ಇದೆಯೋ ಎಂಬುದನ್ನೂ ಫೋಟೊ ನೋಡಿಯೇ ತಿಳಿಯಬೇಕು. ಸಿಲಿಂಡರಿನ ಓಟ 26 ಇಂಚು, ಆದ್ದರಿಂದ ಹೊರಗಿನ ಪಿನ್ನು ನಡುವಿನಿಂದ 13 ಇಂಚು ದೂರ ಇರಬೇಕು ಎಂದುಕೊಂಡರೆ ಎಡವಿದಂತೆ. 13 ಇಂಚು ಒಳಗಿನ ಕ್ರ್ಯಾಂಕ್ ಅಚ್ಚಿನ ಲೆಕ್ಕ. ಒಳಸಿಲಿಂಡರಿನ ಇಂಜಿನ್‌ಗಳಲ್ಲಿ ಹೊರಗಿನ ಕಪ್ಲಿಂಗ್ ರಾಡಿನ (ಒಂದೇ ಮಗ್ಗುಲಿನ ದೊಡ್ಡ ಗಾಲಿಗಳನ್ನು ಜೋಡಿಸುವ ಸರಳಿನ) ಪಿನ್ನು ಅದಕ್ಕಿಂತ ಹತ್ತಿರವೂ ಇರಬಹುದು. ರಾಡು ತೀರಾ ಕೆಳಗಿರುವ ಪಕ್ಕದ ಫೋಟೊದಲ್ಲಿ ಗಾಲಿಯ ವ್ಯಾಸಕ್ಕೆ ಹೋಲಿಸಿ ಅಳೆಯಿರಿ.

ಅಚ್ಚು ಸಿದ್ಧವಾಗಿ ಸಿಗುವುದಿಲ್ಲ. 3.18 ಮಿ.ಮೀ ಸಿಲ್ವರ್ ಸ್ಟೀಲ್ ಸರಳನ್ನು ಕತ್ತರಿಸಿ, ಉದ್ದ 19.3ರ ಜೊತೆಗೆ ಎರಡು ಗಾಲಿಯ ನಡುಗುಬ್ಬದ ದಪ್ಪ. ತುದಿಯನ್ನು ಅರದಿಂದ ತುಸು ಇಳಿಜಾರು ಮಾಡದೆ ಒತ್ತಿದರೆ ಪ್ಲಾಸ್ಟಿಕ್ ನಡುಭಾಗ ಕೆತ್ತಿಹೋಗಿ ಗಾಲಿ ಸೊಟ್ಟ ಕೂರುತ್ತದೆ. ಕೈಯಲ್ಲಿ ತಳ್ಳಬೇಡಿ, ವೈಸ್‌ನ ದವಡೆಯ ನಡುವೆ ಅಥವಾ ಬೈರಿಗೆ ಸ್ಟ್ಯಾಂಡಿನಲ್ಲಿ ನೇರವಾಗಿ ಒತ್ತಿ. 19.3 ಉದ್ದದ ಹಿತ್ತಾಳೆ ತುಂಡೊಂದನ್ನು ಎರಡು ಬೆನ್ನುಗಳ ನಡುವೆ ಇಟ್ಟು ಒತ್ತಿದರೆ ಅಳತೆ ತಾನೇ ನಿಲ್ಲುತ್ತದೆ.

ಕಪ್ಲಿಂಗ್ ರಾಡ್ ಎಲ್ಲಿ ಹಿಡಿಯುತ್ತದೆ

ಎರಡೂ ಚೌಕಟ್ಟು, ಎರಡೂ ರಾಡು, ನಾಲ್ಕನ್ನೂ ಒಂದರ ಮೇಲೊಂದು ಬೆಸೆದು, ಒಂದೇ ಏಟಿಗೆ ತೂತು ಕೊರೆದು ಆಮೇಲೆ ಬಿಡಿಸಿದ್ದು. ಹೀಗೆ ಮಾಡಿದರೆ ಅಚ್ಚುಗಳ ದೂರಕ್ಕೂ ರಾಡಿನ ಉದ್ದಕ್ಕೂ ಜಗಳ ಬರುವುದಿಲ್ಲ. ರಾಡಿನ ತೂತು ಪಿನ್ನಿಗಿಂತ 0.1 ಮಿ.ಮೀ ದೊಡ್ಡದು.

ಬಲ, ಎಡ ಪಿನ್ನುಗಳ ನಡುವಿನ ಕೋನ 90 ಡಿಗ್ರಿ. ಇಲ್ಲಿ ಎಲ್ಲರೂ 90ಕ್ಕೇ ತಲೆ ಕೆಡಿಸಿಕೊಳ್ಳುತ್ತಾರೆ. ನಿಜಕ್ಕೂ ಮುಖ್ಯವಾದದ್ದು ಎರಡು ಅಚ್ಚಿನ ಕೋನವೂ ಒಂದೇ ಆಗಿರುವುದು. ಎರಡೂ 88 ಇದ್ದರೆ ಇಂಜಿನ್ ನುಣ್ಣಗೆ ಓಡುತ್ತದೆ, ಒಂದು 90, ಇನ್ನೊಂದು 85 ಆದರೆ ಓಡುವುದಿಲ್ಲ. ಒಂದು ಡಿಗ್ರಿಯ ವ್ಯತ್ಯಾಸವನ್ನು ತೂತಿನ ಸಡಿಲವೇ ನುಂಗಿಕೊಳ್ಳುತ್ತದೆ.

ಹಿಡಿದರೆ ಗಾಬರಿಯಲ್ಲಿ ತೂತು ಅಗಲಿಸಬೇಡಿ. ಬೆರಳಲ್ಲಿ ನಿಧಾನ ತಿರುಗಿಸಿ, ಎಲ್ಲಿ ಹಿಡಿಯಿತೋ ಅಲ್ಲಿ ನಿಲ್ಲಿಸಿ ನೋಡಿ. ಯಾವುದಾದರೂ ಮಗ್ಗುಲಿನ ಪಿನ್ನುಗಳು ಅಚ್ಚುಗಳ ನೇರಕ್ಕೆ, ಅಂದರೆ ತೀರಾ ಮುಂದೆ ಅಥವಾ ತೀರಾ ಹಿಂದೆ ಇದ್ದಾಗ ಹಿಡಿದರೆ ತಪ್ಪು ರಾಡಿನ ಉದ್ದದಲ್ಲಿದೆ. ಎರಡೂ ಮಗ್ಗುಲಿನ ಪಿನ್ನು ಓರೆಯಾಗಿ, 45 ಡಿಗ್ರಿಯ ಆಸುಪಾಸಿನಲ್ಲಿ ಇದ್ದಾಗ ಹಿಡಿದರೆ ಕೋನದ ತಪ್ಪು. ಕಾರಣ ಸರಳ: ಪಿನ್ನು ನೇರಕ್ಕೆ ಬಂದಾಗ ಗಾಲಿ ಕೊಂಚ ತಿರುಗಿದರೂ ಪಿನ್ನುಗಳ ದೂರ ಬದಲಾಗುವುದಿಲ್ಲ, ಹಾಗಾಗಿ ಉದ್ದದ ತಪ್ಪಿಗೆ ಅಲ್ಲಿ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಓರೆಯಲ್ಲಿದ್ದಾಗ ಎರಡೂ ರಾಡು ತಂತಮ್ಮ ಕಡೆಗೆ ಗಾಲಿಯನ್ನು ತಿರುಗಿಸಲು ಎಳೆದಾಡುತ್ತವೆ. ಕೋನದ ತಪ್ಪಾದರೆ ಒಂದು ಗಾಲಿಯನ್ನು ಅಚ್ಚಿನ ಮೇಲೆ ಕೂದಲೆಳೆ ತಿರುಗಿಸಿ. ಎಲ್ಲ ಸರಿಹೋದ ಮೇಲೆಯೇ ಅಚ್ಚಿಗೆ ಲೋಹದ ಅಂಟು.

ತೂಕ, ತೂಗುಪಟ್ಟಿ

4-4-0 ಮಾದರಿಯ ದೊಡ್ಡ ರೋಗ ಇದು. ಮೂತಿ ಉದ್ದ, ಬಾಯ್ಲರಿನ ಬಹುಪಾಲು ಬೋಗಿಯ ಮೇಲೆ, ಎಳೆಯುವ ನಾಲ್ಕು ಗಾಲಿ ಹಿಂದೆ. ಸುಮ್ಮನೆ ಕಟ್ಟಿದರೆ ಮುಂದಿನ ಸಣ್ಣ ಗಾಲಿಗಳು ಭಾರ ಹೊತ್ತುಕೊಂಡು, ದೊಡ್ಡವು ನಿಂತಲ್ಲೇ ಗಿರಗಿರ ತಿರುಗುತ್ತವೆ. ಬೋಗಿಗೆ ಸ್ಪ್ರಿಂಗ್ ಹಾಕಿದರೆ ಇನ್ನೂ ಕೆಡುತ್ತದೆ, ಸ್ಪ್ರಿಂಗ್ ಮೂತಿಯನ್ನು ಮೇಲೆತ್ತುವುದು ಎಂದರೆ ದೊಡ್ಡ ಗಾಲಿಯ ಭಾರ ಕಸಿಯುವುದು.

ಇಲ್ಲಿ ಬಳಸಿದ್ದು ತೂಗುಪಟ್ಟಿ, ಬಾವಿಯ ಏತದ ತತ್ವವೇ. ಹಿಂದಿನ ದೊಡ್ಡ ಅಚ್ಚು ಚೌಕಟ್ಟಿನಲ್ಲಿ ಗಟ್ಟಿ, ಮೋಟಾರು ಓಡಿಸುವುದೂ ಅದನ್ನೇ. ಮುಂದಿನ ದೊಡ್ಡ ಅಚ್ಚಿನ ಬೇರಿಂಗುಗಳು ಮೇಲೆ ಕೆಳಗೆ 0.5 ಮಿ.ಮೀ ಆಡುತ್ತವೆ. 1 ಮಿ.ಮೀ ದಪ್ಪದ ಹಿತ್ತಾಳೆ ಪಟ್ಟಿಯ ಒಂದು ತುದಿ ಆ ಅಚ್ಚಿನ ನಡುವೆ ಕೂತಿದೆ, ಇನ್ನೊಂದು ತುದಿ ಬೋಗಿಯ ಮೇಲೆ. ಪಟ್ಟಿಯ ಆಧಾರದ ಪಿನ್ನು ನಡುವಿನಲ್ಲಿ ಇಲ್ಲ: ಅಚ್ಚಿನಿಂದ ಬೋಗಿಗೆ 40 ಮಿ.ಮೀ ಇದ್ದರೆ ಅಚ್ಚಿನಿಂದ 12ರಲ್ಲಿ. ಆ ಪಿನ್ನಿನ ಮೇಲೆ ಬಿದ್ದ ಭಾರದಲ್ಲಿ ಶೇ. 70 ದೊಡ್ಡ ಗಾಲಿಗೆ, ಶೇ. 30 ಬೋಗಿಗೆ.

ಇನ್ನು ಗುರುತ್ವ ಕೇಂದ್ರ. ದೊಡ್ಡ ಅಚ್ಚುಗಳ ನಡುವೆ 36 ಮಿ.ಮೀ ಎಂದಿಟ್ಟುಕೊಳ್ಳಿ. ಎರಡೂ ದೊಡ್ಡ ಅಚ್ಚಿನ ಮೇಲೆ ಸಮ ಭಾರ ಬೀಳಬೇಕಾದರೆ ಇಂಜಿನ್‌ನ ತೂಕದ ನಡು ಹಿಂದಿನ ಅಚ್ಚಿಗಿಂತ 28 ಮಿ.ಮೀ ಮುಂದೆ ಬರಬೇಕು. ಆಗ ಒಟ್ಟು ತೂಕದಲ್ಲಿ ಶೇ. 82 ಎಳೆಯುವ ಗಾಲಿಗಳ ಮೇಲೆ, ಶೇ. 18 ಬೋಗಿಯ ಮೇಲೆ. ಹಳಿಯ ಮೇಲೆ ಬೋಗಿ ನೆಟ್ಟಗಿರಲು ಅಷ್ಟು ಸಾಕು. ಪೆನ್ಸಿಲ್ಲಿನ ಮೇಲೆ ಇಂಜಿನ್ ಅಡ್ಡ ಇಟ್ಟು ತೂಗಿಸಿ ನೋಡಿ, ಅದಕ್ಕಿಂತ ಒಳ್ಳೆಯ ಉಪಕರಣ ಬೇಕಿಲ್ಲ.

ಸೀಸ ತುಂಬುವುದು ಫೈರ್‌ಬಾಕ್ಸಿನ (ಹಿಂದಿನ ಬೆಂಕಿಗೂಡಿನ) ಪಕ್ಕಗಳಿಗೆ, ಬಾಯ್ಲರಿನ ಹಿಂದಿನ ಅರ್ಧಕ್ಕೆ. 19 ಮಿ.ಮೀ ಒಳವ್ಯಾಸದಲ್ಲಿ 30 ಮಿ.ಮೀ ಉದ್ದ ಗಟ್ಟಿ ಸೀಸ ಸುಮಾರು 96 ಗ್ರಾಂ. ಮುಂದಿನ ಹೊಗೆಗೂಡು, ಸ್ಮೋಕ್‌ಬಾಕ್ಸ್, ಖಾಲಿ ಇರಲಿ. ಪುಡಿ ಸೀಸವನ್ನು ಬಿಳಿ ಫೆವಿಕಾಲ್ ಥರದ ಅಂಟಿನಲ್ಲಿ ಕಲಸಿ ತುಂಬಬೇಡಿ. ಸೀಸ ಒಳಗೇ ಬಿಳಿಯಾಗಿ ಉಬ್ಬಿ, ವರ್ಷಗಳ ಮೇಲೆ ಬಾಯ್ಲರಿನ ಹೊಲಿಗೆ ಬಿಚ್ಚುತ್ತದೆ. ಎಪಾಕ್ಸಿ ಬಳಸಿ, ಕೈ ತೊಳೆದುಕೊಳ್ಳಿ.

ಟೆಂಡರಿನ (ಇಂಜಿನ್‌ನ ಹಿಂದಿನ ಕಲ್ಲಿದ್ದಲು, ನೀರಿನ ಬಂಡಿಯ) ಭಾರವನ್ನೂ ಸ್ವಲ್ಪ ಎರವಲು ಪಡೆಯಬಹುದು. ಟೆಂಡರಿನ ಮುಂದಿನ ಅಚ್ಚನ್ನು ಆಡಲು ಬಿಟ್ಟು, ಎಳೆಪಟ್ಟಿಯನ್ನು ಇಂಜಿನ್‌ನ ಹಿಂಬದಿಯ ಮೇಲೆ ಕೂರಿಸಿದರೆ ತೂಕದ ನಡು ಹಿಂದಕ್ಕೆ ಸರಿಯುತ್ತದೆ. ಅತಿ ಮಾಡಿದರೆ ಹಿಂದಿನ ಅಚ್ಚು ಮಧ್ಯದ ಕೀಲಾಗಿ ಮೂತಿ ಏಳುತ್ತದೆ, ಬೋಗಿ ತಿರುವಿನಲ್ಲಿ ಹಳಿ ಹತ್ತುತ್ತದೆ. ಹತ್ತಿಪ್ಪತ್ತು ಗ್ರಾಂಗೆ ನಿಲ್ಲಿಸಿ.

ಮೋಟಾರು

ಗಾಲಿಯ ಸುತ್ತಳತೆ 82.7 ಮಿ.ಮೀ. ಗಂಟೆಗೆ 70 ಮೈಲಿ ಈ ಮಾನದಲ್ಲಿ ಸೆಕೆಂಡಿಗೆ 411 ಮಿ.ಮೀ, ಅಂದರೆ ಗಾಲಿಗೆ ನಿಮಿಷಕ್ಕೆ 298 ಸುತ್ತು. ಹೊರೆಯಲ್ಲಿ 12,000 ಸುತ್ತುವ ಮೋಟಾರಿಗೆ 40ಕ್ಕೆ 1ರ ಗೇರು ಸರಿಹೊಂದುತ್ತದೆ. 54ಕ್ಕೆ 1 ಹಾಕಿದರೆ ಮೆಲ್ಲಗೆ ಹೊರಡುವಾಗ ಸೊಗಸು, ಆದರೆ ಮೇಲಿನ ಮಿತಿ 52 ಮೈಲಿಗೆ ಬಂದು ನಿಲ್ಲುತ್ತದೆ. ಗೂಡ್ಸ್ ಇಂಜಿನ್‌ಗೆ ಅದು ಚೆಂದ, ಬೆಲ್‌ಫಾಸ್ಟ್ ಎಕ್ಸ್‌ಪ್ರೆಸ್ಸಿಗೆ ಅಲ್ಲ.

21 ಮಿ.ಮೀ ಹಳಿಯ ಸುಖ ಇಲ್ಲಿ ಗೊತ್ತಾಗುತ್ತದೆ. ಚೌಕಟ್ಟಿನ ನಡುವೆ 16.3 ಮಿ.ಮೀ ಇರುವುದರಿಂದ ಗೇರ್‌ಪೆಟ್ಟಿಗೆ ಆರಾಮಾಗಿ ಕೂರುತ್ತದೆ, ಮೋಟಾರು ಫೈರ್‌ಬಾಕ್ಸಿನೊಳಗೆ ಎದ್ದು ನಿಲ್ಲುತ್ತದೆ, ಕ್ಯಾಬು ಖಾಲಿ ಉಳಿಯುತ್ತದೆ. ಆದರೆ ಅಷ್ಟು ಜಾಗದಲ್ಲಿ ಪೆಟ್ಟಿಗೆ ಅಚ್ಚಿನ ಮೇಲೆ ಅತ್ತಿತ್ತ ಜಾರುತ್ತದೆ, ಎರಡೂ ಕಡೆ ಹಿತ್ತಾಳೆ ಕೊಳವೆಯ ತುಂಡು ತೊಡಿಸಿ ನಡುವೆ ನಿಲ್ಲಿಸಬೇಕು. ಮೋಟಾರನ್ನು ಚೌಕಟ್ಟಿಗೆ ಬಿಗಿಯಾಗಿ ಅಂಟಿಸಬೇಡಿ. ಒಂದು ತಂತಿಯ ಕೊಂಡಿ ತಿರುಗದಂತೆ ಹಿಡಿದರೆ ಸಾಕು.

ಕರೆಂಟು ಎತ್ತಲು ಇಂಜಿನ್‌ನ ನಾಲ್ಕು ಗಾಲಿ ಸಾಲದು. ಟೆಂಡರಿನ ಆರೂ ಗಾಲಿಗೆ 0.3 ಮಿ.ಮೀ ಫಾಸ್ಫರ್ ಬ್ರಾಂಜ್ ತಂತಿ ತಾಗಿಸಿ. ತಂತಿ ಉದ್ದ ಇದ್ದಷ್ಟೂ ಒತ್ತಡ ಮೃದು. ಗಿಡ್ಡ ತಂತಿ ಬ್ರೇಕಿನ ಹಾಗೆ ಹಿಡಿಯುತ್ತದೆ.

ಮೇಲ್ಮೈ, ಬಣ್ಣ

ಬಾಯ್ಲರ್ 0.25 ಮಿ.ಮೀ ಹಿತ್ತಾಳೆ. ಕಾಯಿಸಿ ಮೆದು ಮಾಡಿ, ಸರಳಿನ ಮೇಲೆ ಸುತ್ತಿ. ಪಟ್ಟಿಯ ಉದ್ದಕ್ಕೆ ಹೊರವ್ಯಾಸದಿಂದ ದಪ್ಪ ಕಳೆದು 3.1416ರಿಂದ ಗುಣಿಸಿ: 20 ಮಿ.ಮೀ ಬಾಯ್ಲರಿಗೆ 62.05. ದಪ್ಪ ಕಳೆಯುವುದನ್ನು ಮರೆತರೆ ಮುಕ್ಕಾಲು ಮಿಲಿಮೀಟರ್ ಹೆಚ್ಚಾಗಿ ಹೊಲಿಗೆ ಒಂದರ ಮೇಲೊಂದು ಹತ್ತುತ್ತದೆ. ಹೊಲಿಗೆ ಕೆಳಮುಖವಾಗಿರಲಿ.

ಹಿತ್ತಾಳೆಗೆ 145 ಡಿಗ್ರಿಯ ಬೆಸುಗೆ, ಚಿಮಣಿ, ಗುಮ್ಮಟದಂಥ ಎರಕದ ಬಿಳಿಲೋಹಕ್ಕೆ 70 ಡಿಗ್ರಿಯದು. 70ರ ಬೆಸುಗೆ ಬರಿ ಹಿತ್ತಾಳೆಗೆ ಹತ್ತುವುದೇ ಇಲ್ಲ. ಮೊದಲು ಹಿತ್ತಾಳೆಯ ಮೇಲೆ 145ರಲ್ಲಿ ತೆಳ್ಳಗೆ ಕಲಾಯಿ ಹಾಕಿ, ಆಮೇಲೆ ಐರನ್ನಿನ ಶಾಖ ಇಳಿಸಿ ಎರಕ ಕೂರಿಸಿ. ಶಾಖ ಇಳಿಸುವುದನ್ನು ಮರೆತರೆ ಚಿಮಣಿ ಬೆಣ್ಣೆಯ ಹಾಗೆ ಕರಗಿ ಬೀಳುತ್ತದೆ. ಬೆಸುಗೆ ಹಿಡಿಯಲೆಂದು ಹಚ್ಚುವ ಆಮ್ಲದ ಫ್ಲಕ್ಸನ್ನು ಅಂದಂದೇ ಅಡುಗೆ ಸೋಡಾ ನೀರಿನಲ್ಲಿ ತೊಳೆಯಿರಿ. ಒಂದು ರಾತ್ರಿ ಬಿಟ್ಟರೆ ಹಸಿರು ಕಿಲುಬು, ಅದರ ಮೇಲೆ ಬಳಿದ ಬಣ್ಣ ಸಿಪ್ಪೆಯಂತೆ ಏಳುತ್ತದೆ.

ಹೆಸರಿನ ಫಲಕ ಮುಂದಿನ ದೊಡ್ಡ ಗಾಲಿಯ ಕಮಾನಿನ ಮೇಲೆ ಬಾಗಿ ಕೂರುತ್ತದೆ. ಕಾಯಿಸದೆ ಬಗ್ಗಿಸಿದರೆ ಅಕ್ಷರಗಳ ನಡುವೆ ಮುರಿಯುತ್ತದೆ.

ಗ್ರೇಟ್ ನಾರ್ದರ್ನ್ ನೀಲಿ ತಿಳಿಯಾದ ಆಕಾಶದ ಬಣ್ಣ, ಕಪ್ಪು-ಬಿಳಿ ಗೆರೆ, ಕೆಳಗಿನ ಚೌಕಟ್ಟು ಕೆಂಪು. ಎರಡೂ ಬಣ್ಣ ಅಡಿಯ ಪ್ರೈಮರಿನ ಛಾಯೆ ಹೀರುತ್ತವೆ. ಕಪ್ಪು ಪ್ರೈಮರಿನ ಮೇಲೆ ನೀಲಿ ಕೊಳಕಾಗುತ್ತದೆ, ಬೂದು ಪ್ರೈಮರಿನ ಮೇಲೆ ಕೆಂಪು ಇಟ್ಟಿಗೆಯಾಗುತ್ತದೆ. ಲೋಹಕ್ಕೆ ಹಿಡಿಯುವ ಎಟ್ಚ್ (etch) ಪ್ರೈಮರ್ ಒಂದು ಕೈ, ಅದರ ಮೇಲೆ ತೆಳ್ಳಗೆ ಬಿಳಿ, ಆಮೇಲೆ ಬಣ್ಣ. ಟೆಂಡರಿನ ಪಕ್ಕದಲ್ಲಿ ಜಿ, ಎನ್ ಅಕ್ಷರಗಳ ನಡುವೆ ಕಂಪನಿಯ ಲಾಂಛನ. ಗೆರೆ ಎಳೆಯುವಾಗ ಮೊದಲು ಬಿಳಿ, ಒಣಗಿದ ಮೇಲೆ ನಡುವೆ ಕಪ್ಪು. ಬಿಳಿ ದಪ್ಪಗಾಗಿ ಹರಿದಿದ್ದರೆ ಕಪ್ಪು ಅದನ್ನು ಒಂದಿಷ್ಟು ಮುಚ್ಚಿಕೊಡುತ್ತದೆ. ತಿರುಗು ಮುರುಗು ಮಾಡಿದರೆ ಆ ಉಪಕಾರ ಸಿಗುವುದಿಲ್ಲ.

ಕೊನೆಗೆ ಟೆಂಡರಿನ ಎಳೆಪಟ್ಟಿಯಲ್ಲಿ ಎರಡು ತೂತು ಕೊರೆದದ್ದು: ಒಂದು 900 ಮಿ.ಮೀ ತಿರುವಿಗೆ, ಇನ್ನೊಂದು ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸುವಾಗ ಇಂಜಿನ್ ಟೆಂಡರುಗಳ ಸಂದು ನಿಜದಷ್ಟೇ ಕಾಣಲಿ ಎಂದು. ಓಡಿಸುವ ಮೊದಲು ಪಿನ್ನು ಮೊದಲನೆಯ ತೂತಿಗೆ ವಾಪಸು ಹೋಗಿದೆಯೇ ನೋಡಿಕೊಳ್ಳಿ.